ಅತ್ತೆಯ ಚಪ್ಪಲಿ ಪಾಸು ಮಾಡಿದ ನೆಲ

ನನ್ನ ಸೋದರಮಾವ ಹೆಂಗಸರ ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡು ಮಂಗಳೂರೆಲ್ಲ ತಿರುಗಿದ ಮನುಷ್ಯ. ತಡೆಯಿರಿ, ಈಗಲೇ ಮೂಗು ಮುರಿಯಬೇಡಿ! ಚಪ್ಪಲಿ ಅತ್ತೆಯದ್ದೇ. ಎಡಗಾಲಿನದ್ದು ಮಾತ್ರ.

ಸಂಗತಿ ಇಷ್ಟೇ. ದೇರೆಬೈಲಿನ ಮನೆಯ ಗ್ಯಾರೇಜಿಗೆ ಮಾವ ಕನ್ನಡಿಯಂಥ ಟೈಲ್ಸ್ ಹಾಕಿಸಿದ್ದರು. ಕಾರಿಗೆ ಅದರಲ್ಲಿ ತನ್ನ ಮುಖ ಕಾಣಬೇಕಂತೆ! ಕಾರು ಮುಖ ನೋಡಿಕೊಂಡಿತೋ ಇಲ್ಲವೋ, ಕಳೆದ ಮಳೆಗಾಲದಲ್ಲಿ ಅತ್ತೆ ಅಲ್ಲಿ ಬಟ್ಟೆ ಒಣಗಿಸಲು ಹೋಗಿ ಜಾರಿ ಬಿದ್ದರು. ಎಡ ಮೊಣಕಾಲಿಗೆ ಆಪರೇಷನ್ ಆಯಿತು. "ದಿನಾ ನಡೆಯಬೇಕು, ಇಲ್ಲದಿದ್ದರೆ ಕಾಲು ಹಿಡಿದುಕೊಳ್ತದೆ" ಅಂದರು ಡಾಕ್ಟರು. ಅತ್ತೆಗೋ ಹೆದರಿಕೆ, ಗೋಡೆ ಬಿಟ್ಟು ಒಂದು ಹೆಜ್ಜೆ ಇಡಲೊಲ್ಲರು. ಮತ್ತೆ ಮಳೆಗಾಲ ಹತ್ತಿರ ಬಂತು. ಮಾವ ಟೈಲ್ಸ್ ತೆಗೆಸಿ, ಕಾರನ್ನು ಹೊರಗೆ ಟರ್ಪಾಲಿನ ಅಡಿಗೆ ತಳ್ಳಿ, ನನ್ನ ಸ್ಕೂಟರಿನ ಹಿಂದೆ ಕೂತು ಜಾರದ ನೆಲ ಹುಡುಕಲು ಹೊರಟರು.

ಉರ್ವದ ಅಂಗಡಿಯವ ನೆಲಕ್ಕೆ ಬಳಿಯುವ ಇಪಾಕ್ಸಿ ಪೇಂಟಿನ ಹೊಳೆಯುವ ಸ್ಯಾಂಪಲ್ ತೋರಿಸಿ, "ಕಾರಿಗೆ ಫಸ್ಟ್ ಕ್ಲಾಸ್ ಸರ್" ಅಂದ. ಮಾವ ಚೀಲದಿಂದ ಚಪ್ಪಲಿ ತೆಗೆದರು. ಅವನು ಗಾಬರಿಯಿಂದ ಹಿಂದೆ ಸರಿದ. "ಬೇಡದಿದ್ದರೆ ಬಿಡಿ ಮಾರ್ರೆ, ಕೋಪ ಎಂತಕ್ಕೆ?"

ಮಾವ ಸ್ಯಾಂಪಲ್ಲಿನ ಮೇಲೆ ಸೋಪಿನ ನೀರು ಸುರಿದು ಚಪ್ಪಲಿಯನ್ನು ಒತ್ತಿ ಉಜ್ಜಿದರು. ಅದು ಕೈತಪ್ಪಿ ಸುಯ್ಯೆಂದು ಬಿಲ್ ಬರೆಯುವ ಮೇಜಿನಡಿ ಹೋಗಿ ನಿಂತಿತು. "ಫೇಲ್" ಅಂದರು ಮಾವ.

ಬಿಕರ್ನಕಟ್ಟೆಯಲ್ಲಿ ಇಂಟರ್‌ಲಾಕ್ ಇಟ್ಟಿಗೆ ನೋಡಿದೆವು. ಅದು ಜಾರಲಿಲ್ಲ. ಆದರೆ, "ಸಂದಿಗೆ ಬೆರಳು ತಾಗಿ ಮುಗ್ಗರಿಸಿದರೆ?" ಅಂದರು ಮಾವ. ಅದೂ ಫೇಲ್! ನನಗೆ ಮಂಡೆ ಬಿಸಿಯಾಯಿತು. "ನಿಮ್ಮ ದಮ್ಮಯ್ಯ ಮಾವ, ಯಾವುದಾದರೂ ಒಂದು ಹಾಕಿಸಿ" ಅಂದೆ. ಕೇಳಿದರೆ ತಾನೆ?

ಕಡೆಗೆ ಪಾಸಾದದ್ದು ಎಂತದು ಗೊತ್ತುಂಟಾ? ಹಟ್ಟಿಯಲ್ಲಿ ದನದ ಕಾಲಡಿಗೆ ಹಾಸುವ ರಬ್ಬರ್ ಮ್ಯಾಟ್! ಅತ್ತೆ ಸಿಡಿದರು. "ನಾನೆಂತ ದನವಾ?"

"ನಾನು ಸಣ್ಣದಿರುವಾಗ ನಮ್ಮ ಹಟ್ಟಿಯ ದನ ಒದ್ದೆ ಕಲ್ಲಿನ ಮೇಲೆ ಜಾರಿ ಬಿದ್ದಿತ್ತು. ಮತ್ತೆ ಏಳಲೇ ಇಲ್ಲ" ಅಂದರು ಮಾವ. "ನೀನು ನಡೆಯಬೇಕಲ್ಲ ಮಾರಾಯ್ತಿ."

ಮಳೆ ಹಿಡಿಯಿತು. ಮಾವ ಗ್ಯಾರೇಜಿನಲ್ಲಿ ಹಾಸಿದ ಮ್ಯಾಟಿನ ಮೇಲೆ ಕೊಡದಿಂದ ನೀರು ಚೆಲ್ಲಿ, ಅತ್ತೆಯ ಚಪ್ಪಲಿಯನ್ನೇ ಮೆಟ್ಟಿ, ಅರ್ಧ ಹಿಮ್ಮಡಿ ಹೊರಗೆ ಬಿಟ್ಟುಕೊಂಡು ಸುತ್ತು ಸುತ್ತು ಕುಣಿದರು. ಆ ವಯಸ್ಸು, ಆ ಹೊಟ್ಟೆ, ಆ ಕುಣಿತ! ಅತ್ತೆಗೆ ನಗು ತಡೆಯಲಿಲ್ಲ. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೋಡೆ ಬಿಟ್ಟದ್ದು ಅವರಿಗೇ ಗೊತ್ತಾಗಲಿಲ್ಲ. ಹಾಗೇ ನಗುತ್ತಾ ಮ್ಯಾಟಿಗೆ ಕಾಲಿಟ್ಟರು, ಆಚೆ ಬಾಗಿಲವರೆಗೂ ನಡೆದರು.

ಹೊರಗೆ ಕಾರಿನ ಟರ್ಪಾಲು ಗಾಳಿಗೆ ಹಾರಿಹೋಗಿತ್ತು. "ಮಾವ, ಇನ್ನು ಕಾರನ್ನು ಒಳಗೆ ತರಬಹುದಲ್ಲ?" ಅಂದೆ.

"ಮತ್ತೆ ಇವಳು ನಡೆಯುವುದೆಲ್ಲಿ?" ಅಂದರು ಮಾವ, ಅತ್ತೆಯ ಕಾಲಿನಿಂದ ಕಣ್ಣು ತೆಗೆಯದೆ. "ಅದು ನೆನೆಯಲಿ ಬಿಡು. ಕಾರಿಗಾದರೆ ಸ್ಪೇರ್ ಪಾರ್ಟ್ ಸಿಗ್ತದೆ."