ಬಿಯಾಂಕಿಯ ಚಕ್ರಕ್ಕೆ ತಾಲ್ಯಾತೆಲ್ಲೆ ತೋರಣ

ಆ ಶನಿವಾರ ಬೆಳಿಗ್ಗೆ ಲೂಚಿಲ್ಲಾ ಹಿಟ್ಟಿನ ಗುಡ್ಡದ ನಡುವೆ ಮೊಟ್ಟೆ ಒಡೆಯುತ್ತ ಭೀಷಣ ಪ್ರತಿಜ್ಞೆಯೊಂದನ್ನು ಮಾಡಿದಳು: ನಾಳೆ ಊಟಕ್ಕೆ ಕೂತಾಗ ಮಾವನ ಬಾಯಿಂದ ‘ಭೇಷ್’ ಅನ್ನಿಸದಿದ್ದರೆ ಈ ಲಟ್ಟಣಿಗೆಯನ್ನು ಒಲೆಗೆ ಹಾಕುತ್ತೇನೆ!

ಸಾಮಾನ್ಯ ಪ್ರತಿಜ್ಞೆಯೇನಲ್ಲ. ಮಾವ ಅಗೊಸ್ತೀನೊ ಈ ಜನ್ಮದಲ್ಲಿ ಭೇಷ್ ಅಂದದ್ದು ಎರಡಕ್ಕೇ. ಒಂದು, ರೇಸಿನಲ್ಲಿ ಐದು ಬೆಟ್ಟಗಳನ್ನು ಒಬ್ಬನೇ ದಾಟಿ ಬಂದ ಸೈಕಲ್ ವೀರ ಫೌಸ್ತೊ ಕೊಪ್ಪಿಗೆ. ಇನ್ನೊಂದು, ತೀರಿಹೋದ ಹೆಂಡತಿ ಮಾಡುತ್ತಿದ್ದ ತಾಲ್ಯಾತೆಲ್ಲೆಗೆ. ಮೊಟ್ಟೆ ಹಿಟ್ಟಿನ ಆ ಉದ್ದುದ್ದ ಪಟ್ಟಿಗಳು ಎಷ್ಟು ತೆಳುವಾಗಿದ್ದವೆಂದರೆ, ಅವುಗಳ ಹಿಂದೆ ಪೇಪರ್ ಹಿಡಿದರೆ ರೇಸಿನ ಸುದ್ದಿ ಓದಬಹುದಿತ್ತಂತೆ! ಸಾಲದ್ದಕ್ಕೆ ಲೂಚಿಲ್ಲಾ, ಕೊಪ್ಪಿಯ ಬದ್ಧ ಎದುರಾಳಿ ಬಾರ್ತಾಲಿಯ ಪಕ್ಷ ವಹಿಸುವ ಮನೆಯಿಂದ ಬಂದವಳು. ಕೊಪ್ಪಿಯ ಮನೆಗೆ ಬಾರ್ತಾಲಿಯ ಸೊಸೆ! ಫಾಯೆಂಜಾ ಊರಿನ ಹಿರಿಯರು ಮದುವೆಯ ದಿನವೇ ತಲೆ ಅಲ್ಲಾಡಿಸಿದ್ದರು.

ಭಾನುವಾರ ಹಳೆಯ ಸೈಕಲ್ಲುಗಳ ಓಟ. ಉಣ್ಣೆಯ ಅಂಗಿ ತೊಟ್ಟು, ಅಜ್ಜನ ಕಾಲದ ಸೈಕಲ್ ಏರಿ, ಗುಡ್ಡ ಹತ್ತಿ ಇಳಿಯುವ ಹಬ್ಬ. ಲೂಚಿಲ್ಲಾಳ ಗಂಡ ಇವಾನೊಗೆ ಅಪ್ಪ ಮೊದಲ ಬಾರಿಗೆ ತನ್ನ ಆಕಾಶಬಣ್ಣದ ಬಿಯಾಂಕಿ ಸೈಕಲ್ ಕೊಟ್ಟಿದ್ದ. ಅದನ್ನು ಕಂಡರೆ ಲೂಚಿಲ್ಲಾಳಿಗೂ ಒಳಗೊಳಗೇ ಮೋಹ. ಹೆರಿಗೆಯಾಗಿ ಮನೆಗೆ ಬಂದಾಗ ಮಗುವನ್ನು ಎತ್ತಿಕೊಂಡಷ್ಟೇ ನಾಜೂಕಾಗಿ ಮಾವ ಅದನ್ನು ಗೋಡೆಯಿಂದ ಇಳಿಸಿದ್ದ. ಇಳಿಸುತ್ತ ಷರತ್ತನ್ನೂ ಹಾಕಿದ್ದ: “ಒಂದೇ ಒಂದು ಎಡವಟ್ಟಾದ್ರೂ ಸೈಕಲ್ ವಾಪಸ್ ನನ್ನ ಮಂಚದ ಮೇಲಿನ ಮೊಳೆಗೆ. ನಾನು ಸತ್ತ ಮೇಲೆ ಇಳಿಸ್ಕೋ!”

ತಾಲ್ಯಾತೆಲ್ಲೆ ಕತ್ತರಿಸಿ ಮುಗಿಯಿತು. ಒಣಗಿಸುವುದೆಲ್ಲಿ? ಮೇಜಿನ ತುಂಬ ಇವಾನೊ ಹರಡಿದ್ದ ಬ್ರೇಕು, ಚೈನು, ಸ್ಕ್ರೂಗಳು. ಕುರ್ಚಿಗಳ ಬೆನ್ನ ಮೇಲೆ ಮಗು ನೀವೆಸ್‌ಳ ಬಟ್ಟೆ. ಲೂಚಿಲ್ಲಾ ತಲೆಯೆತ್ತಿ ನೋಡಿದಳು. ಅಡುಗೆಮನೆಯ ತೊಲೆಯಿಂದ, ಅರಮನೆಯ ದೀಪದ ಗೊಂಚಲಿನಂತೆ, ಬಿಯಾಂಕಿಯ ಮುಂದಿನ ಚಕ್ರ ಮಟ್ಟಸವಾಗಿ ತೂಗುತ್ತಿತ್ತು! ಟೈರಿಲ್ಲ, ಬರೀ ಚಕ್ರ. ಇದಕ್ಕಿಂತ ಒಳ್ಳೆಯ ಒಣಹಾಕುವ ಜಾಗ ಉಂಟೇ? ಸುತ್ತಲೂ ಎಳೆ ಎಳೆಯಾಗಿ ಇಳಿಬಿಟ್ಟಳು. ಬೆರಳಲ್ಲಿ ಮೆಲ್ಲಗೆ ತಿರುಗಿಸಿದಳು. ಆಹಾ, ಏನು ಚಕ್ರ! ಸದ್ದಿಲ್ಲ, ಓಲಾಟವಿಲ್ಲ, ನಿಲ್ಲುವ ಮಾತೇ ಇಲ್ಲ. ಹಳದಿ ತೋರಣ ಹಾರುವುದನ್ನು ಕಂಡು ನೀವೆಸ್ ಹಲ್ಲಿಲ್ಲದ ಬಾಯಿ ತೆರೆದು ಕೇಕೆ ಹಾಕಿತು.

ಸಂಜೆ ಇವಾನೊ ಬಂದ. ಬಾಗಿಲಲ್ಲೇ ಕಲ್ಲಾದ.

“ಲೂಚಿ! ಬೆಳಿಗ್ಗೆ ತಾನೇ ಅಂಟು ಬಳಿದಿದ್ದೆ ಕಣೇ ಅದಕ್ಕೆ!”

“ಅಂಟಾ?”

“ಟೈರು ಕೂರೋದೇ ಅದರ ಮೇಲೆ! ಧೂಳು ಬೀಳಬಾರದು ಅಂತ ಮೇಲೆ ಕಟ್ಟಿದ್ದು. ನೀನು ಹಿಟ್ಟನ್ನೇ ಸುರಿದಿದ್ದೀಯ! ಮನೆಯೆಲ್ಲ ಗಬ್ಬು ನಾತ, ನಿಂಗೆ ಗೊತ್ತಾಗಲಿಲ್ವಾ?”

“ಮಗಳ ನೆಗಡಿ ನಂಗೆ ಹತ್ತಿದೆ. ಮೂರು ದಿನದಿಂದ ಮೂಗೇ ಇಲ್ಲ. ಅಂಟು ಹಚ್ಚಿದ್ದೀನಿ ಅಂತ ಒಂದು ಮಾತು ಹೇಳೋಕೆ ನಿಂಗೆ ಬಾಯಿತ್ತಲ್ಲ?”

ಎಳೆದರು. ಕೆರೆದರು. ಇಳಿಬಿದ್ದಿದ್ದ ಭಾಗ ಮುರಿದು ಕೈಗೆ ಬಂತು. ಅಂಟಿನ ಮೇಲೆ ಕೂತದ್ದು ಪಿತ್ರಾರ್ಜಿತ ಆಸ್ತಿಯಂತೆ ಅಲ್ಲಿಯೇ ಬೇರುಬಿಟ್ಟಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು. ಮಾವ!

ಅಗೊಸ್ತೀನೊ ಚಕ್ರ ನೋಡಿದ. ಮಗನನ್ನು ನೋಡಿದ. ಸೊಸೆಯ ಹಿಟ್ಟಿನ ಕೈ ನೋಡಿದ.

“ಗೊತ್ತಾಯ್ತು. ಇದು ಬಾರ್ತಾಲಿಯವರ ಸಂಚು.”

ಲೂಚಿಲ್ಲಾಳಿಗೆ ಅಳು ಬರಬೇಕಿತ್ತು, ರೋಷ ಬಂತು. “ಮಾವ, ಕೊಪ್ಪಿನ ಸೋಲಿಸೋಕೆ ಬಾರ್ತಾಲಿಗೆ ಬೆಟ್ಟ ಸಾಕಿತ್ತು. ತಾಲ್ಯಾತೆಲ್ಲೆ ಬೇಕಿರಲಿಲ್ಲ!”

ಇವಾನೊ ಕಣ್ಣು ಮುಚ್ಚಿಕೊಂಡ. ಮುಗಿಯಿತು, ಬಿಯಾಂಕಿ ಮೊಳೆಗೆ ಹೋಯಿತು! ಆದರೆ ಮುದುಕ ಮೊಮ್ಮಗಳ ಸುರಿಯುವ ಮೂಗನ್ನು ತನ್ನ ಕರವಸ್ತ್ರದಲ್ಲಿ ಒರೆಸಿ, ಅಂಗಿಯ ತೋಳು ಮಡಚಿದ.

“ಎಲ್ಲ ಕಿತ್ತು ಹೊಸದಾಗಿ ಮಾಡೋಕೆ ಹೊತ್ತಿಲ್ಲ. ಕೆರೆದಷ್ಟು ಕೆರಿ. ಉಳಿದದ್ದರ ಮೇಲೇ ಇನ್ನೊಂದು ಸುತ್ತು ಅಂಟು ಬಳಿ. ನಾಳೆ ಇಳಿಜಾರಲ್ಲಿ ಟೈರು ಕಳಚಿ ಬಿತ್ತೋ, ಸೈಕಲ್ ನನ್ನ ಮೊಳೆಗೆ, ನೀನು ಆಸ್ಪತ್ರೆಗೆ.”

ಭಾನುವಾರ ಲೂಚಿಲ್ಲಾ ಮಗುವನ್ನು ಎದೆಗೆ ಕಟ್ಟಿಕೊಂಡು, ಮಾವನ ಪಕ್ಕದಲ್ಲಿ, ಗುಡ್ಡದ ಕೊನೆಯ ತಿರುವಿನಲ್ಲಿ ನಿಂತಳು. ಬಾರ್ತಾಲಿಯನ್ನೂ ಬೇಡಿಕೊಂಡಳು, ಎಂದೂ ಇಲ್ಲದೆ ಕೊಪ್ಪಿಯನ್ನೂ ಬೇಡಿಕೊಂಡಳು. ಮೇಲಿಂದ ಬಂದವರೆಲ್ಲ ಒಂದೇ ಸಮ ಬ್ರೇಕ್ ಹಿಡಿಯುತ್ತಿದ್ದರು. ಚಕ್ರ ಕಾದು, ಅಂಟು ಕರಗಿ, ಒಬ್ಬನ ಟೈರು ಹಾವಿನಂತೆ ಕಳಚಿ ಬಂತು. ಅವನು ನೇರ ದ್ರಾಕ್ಷಿ ತೋಟಕ್ಕೆ ದಯಮಾಡಿಸಿದ! ಅವನ ಹಿಂದೆಯೇ ಆಕಾಶಬಣ್ಣ. ಇವಾನೊ! ಟಕ್ ಟಕ್ ಟಕ್ ಎಂದು ಮುಂದಿನ ಚಕ್ರ ಕುಲುಕುತ್ತಿತ್ತು. ಆದರೂ ತಿರುವಿನಲ್ಲಿ ಬಿಯಾಂಕಿ ಬಾಗಿದ ಚೆಂದಕ್ಕೆ ಲೂಚಿಲ್ಲಾ ಉಸಿರಾಡುವುದನ್ನೇ ಮರೆತಳು. ಟೈರು ಅಲುಗಲಿಲ್ಲ.

ಮನೆಗೆ ಬಂದದ್ದೇ ತಡ, ಅಗೊಸ್ತೀನೊ ಚಕ್ರ ಬಿಚ್ಚಿ ಟೈರನ್ನು ಹೆಬ್ಬೆರಳಲ್ಲಿ ಒತ್ತಿದ. ಎರಡೂ ಕೈಯಲ್ಲಿ ಜಗ್ಗಿದ. ಮೊಣಕಾಲು ಕೊಟ್ಟು ಜಗ್ಗಿದ. ಮುಖ ಕೆಂಪಾಯಿತೇ ಹೊರತು ಟೈರು ಬರಲಿಲ್ಲ.

“ಭೇಷ್!”

ಊಟಕ್ಕೆ ಬೇರೇನೂ ಉಳಿಯದೆ ಬ್ರೆಡ್ಡು, ಒಣಮಾಂಸದ ಸಲಾಮೆ ಕೊಯ್ಯುತ್ತಿದ್ದ ಲೂಚಿಲ್ಲಾ ಚಾಕು ಹಿಡಿದೇ ಓಡಿ ಬಂದಳು.

“ಏನಂದ್ರಿ ಮಾವ? ಇನ್ನೊಂದ್ಸಲ ಹೇಳಿ!”

“ಭೇಷ್ ಅಂದೆ. ನಿನ್ನ ತಾಲ್ಯಾತೆಲ್ಲೆಗೇ ಅಂದೆ.”

“ಅತ್ತೆ ಮಾಡ್ತಿದ್ದ ಹಾಗೇ ಇದೆ ಅಂತೀರಾ?”

“ಛೆ ಛೆ! ಅವಳದು ಬಾಯಲ್ಲಿಟ್ರೆ ಕರಗ್ತಿತ್ತು. ನಿಂದು ಬೆಟ್ಟ ಇಳಿದ್ರೂ ಕರಗಲ್ಲ! ಮುಂದಿನ ವರ್ಷ ಹಿಂದಿನ ಚಕ್ರಕ್ಕೂ ಮಾಡಮ್ಮ.”