ಔಟಾದರೂ ಏಳದ ಅತ್ತೆ

ನಮ್ಮ ಅತ್ತೆ ಇಸ್ಪೀಟಿನಲ್ಲಿ ಸೋತದ್ದನ್ನು ನೋಡಿದವರು ಮೊಳಕಾಲ್ಮುರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಸೋತು ಎದ್ದು ಹೋದದ್ದನ್ನು ನೋಡಿದವರಿದ್ದರೆ ಕೈ ಎತ್ತಲಿ! ಒಬ್ಬರೂ ಸಿಗುವುದಿಲ್ಲ. ನಾನಂತೂ ನೋಡಿಲ್ಲ. ಚಕ್ಕಳಮಕ್ಕಳ ಹಾಕಿ ಹಾಕಿ ನನ್ನ ಕಾಲು ಜೋಮು ಹಿಡಿದಿದೆ, ಬೆನ್ನು ಬಿಲ್ಲಾಗಿದೆ, ಬೆರಳ ತುದಿ ಸವೆದಿದೆ. ಅತ್ತೆ ಮಾತ್ರ ಕುಂತಲ್ಲೇ ಕುಂತಿದ್ದಾಳೆ.

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ನಾನು ಚಳ್ಳಕೆರೆಯಲ್ಲಿ ಹೈಸ್ಕೂಲು ಮೇಷ್ಟ್ರು. ವರ್ಷವಿಡೀ ಮಕ್ಕಳ ಗಲಾಟೆ, ಪರೀಕ್ಷೆ ಪೇಪರು, ಅದರ ಮೇಲೆ ಜನಗಣತಿಯೋ ಚುನಾವಣೆಯೋ ಎಂದು ಸರ್ಕಾರ ಹೊರಿಸುವ ಹೊರೆ. ಇಷ್ಟೆಲ್ಲ ಮುಗಿಸಿ ಮೇ ತಿಂಗಳಲ್ಲಿ ಒಂದಿಷ್ಟು ಕಾಲು ಚಾಚೋಣವೆಂದರೆ, ಮೊಳಕಾಲ್ಮುರಿನ ಎಸ್‌ಟಿಡಿ ಬೂತಿನಿಂದ ಹೆಡ್‌ಮಾಸ್ಟರ ಮನೆಗೆ ಫೋನು ಬರುತ್ತಿತ್ತು. ಅವರು ಬೇಸರದಿಂದ ನನ್ನನ್ನು ಕರೆಸುತ್ತಿದ್ದರು. ಫೋನೆತ್ತಿದರೆ ಆ ಕಡೆಯಿಂದ ಒಂದೇ ಮಾತು:

"ಕೈ ಕಮ್ಮಿ ಐತೆ, ಬಾರೋ."

ಫೋನ್ ಇಡ್ಲಾ ಅಂತಲೂ ಕೇಳದೆ ಅತ್ತೆ ಫೋನಿಡುತ್ತಿದ್ದಳು. ಹೆಡ್‌ಮಾಸ್ಟರು ಗಾಬರಿಯಾಗಿ, "ಯಾರ ಕೈಗೇನಾಯಿತ್ರೀ?" ಎನ್ನುತ್ತಿದ್ದರು. ರಮ್ಮಿಗೆ ಆಟಗಾರರು ಕಡಿಮೆಯಾಗಿದ್ದಾರೆ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ?

ಯುಗಾದಿಯ ಮಾರನೇ ದಿನ ವರ್ಷತೊಡಕಿಗೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇಸ್ಪೀಟು ಎಲೆ ಬೀಳುತ್ತವೆ, ಸಂಜೆಗೆ ಎತ್ತಿಡುತ್ತಾರೆ. ಅತ್ತೆಯ ಮನೆಯಲ್ಲಿ ಅಂದು ಬಿದ್ದ ಎಲೆ ಮುಂಗಾರು ಬಿತ್ತನೆಯವರೆಗೂ ಮೇಲೇಳುತ್ತಿರಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿದರೆ ಐದು ಜನ: ಅತ್ತೆ, ಮಾವ, ಪಕ್ಕದ ಮನೆಯಲ್ಲಿ ರೇಷ್ಮೆ ಸೀರೆ ಮಗ್ಗ ಇಟ್ಟುಕೊಂಡಿದ್ದ ಓಬಳೇಶಪ್ಪ, ಎದುರು ಮನೆಯ ನರಸಮ್ಮ, ಕೈ ಕಮ್ಮಿಯೆಂದು ಎಳೆದು ತರಲ್ಪಟ್ಟ ನಾನು.

ಆಟ ನೂರಾ ಒಂದರ ರಮ್ಮಿ. ಒಬ್ಬ ಗೆದ್ದಾಗ ಉಳಿದವರ ಕೈಯಲ್ಲಿರುವ ಎಲೆಗಳ ಪಾಯಿಂಟು ಅವರವರ ಲೆಕ್ಕಕ್ಕೆ ಸೇರುತ್ತ ಹೋಗುತ್ತದೆ. ನೂರಾ ಒಂದು ಮುಟ್ಟಿದವನು ಔಟು. ಎಲೆ ಚೆನ್ನಾಗಿಲ್ಲವೆಂದರೆ ಆಡದೆ ಮುಚ್ಚಿಡಬಹುದು. ಅದು ಡ್ರಾಪು, ಇಪ್ಪತ್ತು ಪಾಯಿಂಟಿನಲ್ಲಿ ಪಾರು. ಆಡಿ ಸೋತರೆ ಎಂಬತ್ತರವರೆಗೂ ಹೊಡೆತ ಬೀಳಬಹುದು. ಇಷ್ಟೇ ಆಗಿದ್ದರೆ ನಾನು ಬೇಗ ಔಟಾಗಿ ಸುಖವಾಗಿರುತ್ತಿದ್ದೆ. ಆದರೆ ಶೇಂಗಾ ಮಾರಲು ಚಳ್ಳಕೆರೆಗೆ ಹೋಗಿದ್ದ ಮಾವ ಅಲ್ಲೆಲ್ಲೋ 'ರೀ-ಎಂಟ್ರಿ' ಎಂಬ ಹೊಸ ರೋಗವನ್ನು ಅಂಟಿಸಿಕೊಂಡು ಬಂದರು. ಔಟಾದವನು ಇನ್ನೊಮ್ಮೆ ದುಡ್ಡು ಕಟ್ಟಿದರೆ, ಉಳಿದವರಲ್ಲಿ ಯಾರದು ಹೆಚ್ಚು ಪಾಯಿಂಟೋ ಅಷ್ಟಕ್ಕೇ ಬಂದು ಕೂರಬಹುದು. ಆ ಪಾಯಿಂಟು ಎಂಬತ್ತು ದಾಟಿದರೆ ಮಾತ್ರ ಬಾಗಿಲು ಬಂದ್.

ಅತ್ತೆಗೆ ರೀ-ಎಂಟ್ರಿ ಹಿಡಿಸಿತು, ದುಡ್ಡು ಹಿಡಿಸಲಿಲ್ಲ.

"ದುಡ್ಡಿನಾಟ ನನ್ ಪಡಸಾಲೆಯಾಗೆ ಬ್ಯಾಡ. ಔಟಾದೋರು ಒಂದು ಮೊರ ಶೇಂಗಾ ಸುಲ್ದು ಕುಂತ್ಕಳ್ರಿ" ಎಂದು ತೀರ್ಪು ಕೊಟ್ಟಳು.

ಊರ ಪಕ್ಕದ ಸಿದ್ದಾಪುರದ ಕಡೆ ಇದ್ದ ಅವರ ಹೊಲಕ್ಕೆ ಬಿತ್ತನೆ ಬೀಜ ಸುಲಿಯಬೇಕಾದ ಕಾಲವೇ ಅದು! ಇಡೀ ಪಂದ್ಯಾವಳಿಯನ್ನು ಹೂಡಿದ್ದೇ ಅದಕ್ಕೆಂದು ಓಬಳೇಶಪ್ಪನಿಗೆ ಗುಮಾನಿ. ಒಂದು ದಿನ ಕೇಳಿಯೇಬಿಟ್ಟ.

"ಅಕ್ಕಾ, ಇದು ಇಸ್ಪೀಟೋ, ಕೂಲಿಯೋ?"

"ಕೂಲಿ ಆದ್ರೆ ಊಟ ಹಾಕ್ತಿರ್ಲಿಲ್ಲ, ಆಡು" ಎಂದಳು ಅತ್ತೆ.

ಇನ್ನು ಆಟದ ವರಸೆ. ನಾನು ಹುಟ್ಟು ಪುಕ್ಕಲ. ಕೈಗೆ ಜೋಕರ್ ಬರದಿದ್ದರೆ ಡ್ರಾಪು, ಬಂದರೂ ಜೊತೆ ಎಲೆ ಸರಿಯಿಲ್ಲದಿದ್ದರೆ ಡ್ರಾಪು. ಶೇಂಗಾ ಸುಲಿಯುವುದಕ್ಕೆ ಹೆದರಿ ನಾನು ಇಷ್ಟು ಜೋಪಾನವಾಗಿ ಆಡುತ್ತಿದ್ದರೆ, ಅತ್ತೆಯದು ತದ್ವಿರುದ್ಧ. ರೀ-ಎಂಟ್ರಿ ತೆರೆದಿರುವಷ್ಟು ಹೊತ್ತು ಅವಳು ಒಂದು ಕೈಯನ್ನೂ ಮುಚ್ಚಿಟ್ಟವಳಲ್ಲ. ರಾಜ, ರಾಣಿ, ಎಕ್ಕ ಎಲ್ಲ ಒಂದೊಂದು ದಿಕ್ಕಿಗೆ ನೋಡುತ್ತಿದ್ದರೂ ಆಡುತ್ತಿದ್ದಳು. ಎಂಬತ್ತು ಬಿದ್ದು ಔಟಾದರೆ ಗಹಗಹಿಸಿ ನಕ್ಕು ಮೊರ ಎಳೆದುಕೊಳ್ಳುತ್ತಿದ್ದಳು. ಅದೇ ಬಾಗಿಲು ಬಂದ್ ಆಗಲಿ, ಅವಳ ಮುಖದ ನಗುವೂ ಬಂದ್! ಸೆರಗು ಬಿಗಿದು, ತುಟಿ ಬಿಗಿದು, ನನಗಿಂತ ಹೆಚ್ಚು ಡ್ರಾಪು ಮಾಡುತ್ತಿದ್ದಳು.

"ಮತ್ತೆ ಕೂರಾಕೆ ಆಗ್ತೈತಿ ಅಂದ್ರೆ ನುಗ್ಗಬೇಕು, ಆಗಲ್ಲ ಅಂದ್ರೆ ಉಸಿರೂ ಬಿಡಬಾರ್ದು. ಮೇಷ್ಟ್ರಾಗಿ ಇಷ್ಟೂ ಗೊತ್ತಿಲ್ವೇನೋ?" ಎನ್ನುತ್ತಿದ್ದಳು. ನನ್ನ ಪಠ್ಯಪುಸ್ತಕದಲ್ಲಿ ಇದು ಇರಲಿಲ್ಲ.

ಆದರೆ ಔಟಾದ ಅತ್ತೆ ಅಷ್ಟು ಬೇಗ ಒಂದು ಮೊರ ಸುಲಿದು ಮುಗಿಸುತ್ತಿದ್ದುದು ಹೇಗೆ? ನಾವು ಇನ್ನೊಂದು ಕೈ ಹಂಚುವುದರೊಳಗೆ, "ಆತು, ನಂಗೂ ಎಲೆ ಹಾಕ್ರಿ" ಎನ್ನುತ್ತಿದ್ದಳು. ನಾನು ಸುಲಿಯಲು ಕೂತರೆ ಬಾಗಿಲು ಮುಚ್ಚುವವರೆಗೂ ಮುಗಿಯುತ್ತಿರಲಿಲ್ಲ. ಕೊನೆಗೊಮ್ಮೆ ನರಸಮ್ಮ ನೀರು ಕುಡಿಯಲು ಅಡುಗೆಮನೆಗೆ ಹೋದವಳು ಅಲ್ಲಿಂದಲೇ ಕೂಗಿಕೊಂಡಳು. ಅವಳು ರಾಯದುರ್ಗದ ಕಡೆಯವಳು, ಸಿಟ್ಟು ಬಂದರೆ ತೆಲುಗೇ ಮೊದಲು.

"ಅಯ್ಯೋ ದೇವುಡಾ! ಹಿಟ್ಟಿನ ಡಬ್ಬದ ಹಿಂದೆ ಬುಟ್ಟಿ ತುಂಬ ಸುಲ್ದಿರೋ ಬೀಜ ಐತಲ್ರಪ್ಪಾ!"

ಅತ್ತೆ ಬೆಳಿಗ್ಗೆ ಎದ್ದು, ನಾವಿನ್ನೂ ಹಲ್ಲುಜ್ಜುವ ಹೊತ್ತಿಗೇ, ಇಡೀ ದಿನದ ಸೋಲಿಗಾಗುವಷ್ಟು ಸುಲಿದಿಟ್ಟುಕೊಳ್ಳುತ್ತಿದ್ದಳು. ಇದು ಮೋಸ ಎಂದು ನಾವೆಲ್ಲ ಹಾರಾಡಿದೆವು. ಅತ್ತೆ ಎಲೆ ಕಲಸುತ್ತ ಶಾಂತವಾಗಿ ಹೇಳಿದಳು: "ಸೋಲ್ತೀನಿ ಅಂತ ಗೊತ್ತಿದ್ದು ತಯಾರಿ ಮಾಡ್ಕಂಡ್ರೆ ಅದು ಮೋಸನಾ? ಗೆಲ್ತೀನಿ ಅಂತ ಮಾಡ್ಕಂಡಿದ್ರೆ ಮೋಸ!"

ಉತ್ತರ ಗೊತ್ತಿದ್ದವರು ಹೇಳಬಹುದು. ನನಗೆ ದಣಿವಾಗಿತ್ತು.

ಈ ಚಾಳಿ ಚಾಪೆಯ ಮೇಲೇ ನಿಂತಿದ್ದರೆ ಸಹಿಸಿಕೊಳ್ಳಬಹುದಿತ್ತು. ಬಸ್ಸಿನಲ್ಲಿ ಶೇಂಗಾ ಮೂಟೆಗೆ ಲಗೇಜು ಹಾಕಿದ ಕಂಡಕ್ಟರನ ಜೊತೆ ವಾದ ಮಾಡಿ, ಸೋತು, ಚಳ್ಳಕೆರೆಯಲ್ಲಿಳಿದು, ವಾಪಸು ಹೋಗುವಾಗ ಎರಡು ಬಸ್ಸು ಬಿಟ್ಟು ಅದೇ ಕಂಡಕ್ಟರನ ಬಸ್ಸಿಗೇ ಕಾದು ಹತ್ತಿ, "ಹ್ಞಾಂ, ಎಲ್ಲಿಗೆ ನಿಲ್ಲಿಸಿದ್ವಿ?" ಎಂದು ಕೇಳಿದವಳು ಅವಳು. ಅವಳ ಸಂತೆ ಚೀಲ ಹೊತ್ತುಕೊಂಡು ಬಿಸಿಲಲ್ಲಿ ಅಷ್ಟು ಹೊತ್ತು ಕಾದವನು ಯಾರು ಎಂದು ಬೇರೆ ಹೇಳಬೇಕೇ?

ನನ್ನ ಮದುವೆಯೂ ರೀ-ಎಂಟ್ರಿಯೇ. ನನ್ನಿವಾಳ ಎಂಬ ಊರಿನ ಹೆಣ್ಣಿನ ಮನೆಯವರು "ಹುಡುಗ ಭಾಳ ಸಪ್ಪೆ" ಎಂದು ಬೇಡವೆಂದಿದ್ದರು. ನಾನು ಡ್ರಾಪ್ ಮಾಡಿದೆ. ಅತ್ತೆ ಮಾಡಲಿಲ್ಲ. ಮುಂದಿನ ಸೋಮವಾರ ಅವರ ಪಡಸಾಲೆಯಲ್ಲಿ ಹೋಗಿ ಕೂತಳು. ಅದರ ಮುಂದಿನ ಸೋಮವಾರವೂ ಕೂತಳು. ಕೊನೆಗೆ ಒಪ್ಪಿಗೆ ಬಂತು. ನನ್ನಲ್ಲಿ ಏನೋ ಕಂಡಿರಬೇಕೆಂದು ಬಹಳ ಕಾಲ ಬೀಗಿದ್ದೆ. ಒಂದು ದಿನ ಹೆಂಡತಿಯನ್ನು ಕೇಳಿದರೆ, "ನಿಮ್ಮತ್ತೆ ಎದ್ದು ಹೋದ್ರೆ ಸಾಕಾಗಿತ್ತು" ಎಂದಳು.

ಹೀಗೆ ವರ್ಷಗಳು ಉರುಳಿದವು. ಮನೆಗೆ ಕಲರ್ ಟೀವಿ ಬಂತು, ಎಸ್‌ಟಿಡಿ ಬೂತು ಹೋಗಿ ಅತ್ತೆಯ ಮನೆಗೇ ಫೋನು ಬಂತು. "ಕೈ ಕಮ್ಮಿ ಐತೆ" ಮಾತ್ರ ತಪ್ಪಲಿಲ್ಲ. ಆ ವರ್ಷವೂ ಹೋದೆ. ಅತ್ತೆಯ ಆಟ ಎಂದಿಗಿಂತ ಹುಚ್ಚಾಪಟ್ಟೆಯಾಗಿತ್ತು. ನಾನು ಹೋದ ಮೊದಲ ದಿನವೇ ಗೆದ್ದೆನೆಂದು "ಶೋ!" ಎಂದು ಚಾಪೆಗೆ ಎಲೆ ಬಡಿದಳು. ನೋಡಿದರೆ ಇಸ್ಪೀಟಿನ ಐದು, ಆರು, ಅದರ ಪಕ್ಕ ಅದೇ ಜಾತಿಯ ಏಳಿನ ಬದಲು ಕಳಾವರ್ ಏಳು. ತಪ್ಪು ಶೋಗೆ ಪೂರಾ ಎಂಬತ್ತು, ಹಿಂದಿನದೂ ಸೇರಿ ಅತ್ತೆ ಔಟು. ನಾವೆಲ್ಲ ನಕ್ಕೆವು, ಅತ್ತೆ ಎಲ್ಲರಿಗಿಂತ ಜೋರಾಗಿ ನಕ್ಕಳು. ಮೊರ ಎಳೆದುಕೊಂಡಳು, ಸುಲಿದಳು, ಕೂತಳು. ಮತ್ತೆ ಶೋ. ಈ ಸಲ ಆಟೀನಿನ ಸಾಲಿನಲ್ಲಿ ಡೈಮನ್ ರಾಣಿ.

"ಈ ವದಿನ ಆಟಾನೂ ವದಲದು, ನಮ್ಮನ್ನೂ ವದಲದು" ಎಂದು ನರಸಮ್ಮ ಹಣೆ ಚಚ್ಚಿಕೊಂಡಳು. ಈ ಅತ್ತಿಗೆ ಯಾವುದನ್ನೂ ಬಿಡುವವಳಲ್ಲ ಎಂದು.

ನಾನು ಔಟಾಗಿ ಗೋಡೆಗೊರಗಿದ್ದೆ. ಆಗ ಕಣ್ಣಿಗೆ ಬಿದ್ದದ್ದು ಮಾವ. ಮಾವ ಮಾತಿನವರಲ್ಲ. ಅತ್ತೆ ಸುಲಿದಿಟ್ಟ ಮೊರವನ್ನು ಮೆಲ್ಲಗೆ ತಮ್ಮ ಕಡೆ ಸರಿಸಿಕೊಂಡು, ಬೀಜದೊಳಗೆ ಉಳಿದ ಸಿಪ್ಪೆಯನ್ನೂ ಕೆಟ್ಟು ಕಪ್ಪಾದ ಕಾಳನ್ನೂ ಒಂದೊಂದಾಗಿ ಹೆಕ್ಕಿ, ಪಂಚೆಯ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಯಾರಿಗೂ ಕಾಣದ ಹಾಗೆ. ಬೀಜದ ವಿಷಯದಲ್ಲಿ ಅತ್ತೆಯ ಕೈಯಲ್ಲಿ ಒಂದು ಹುಳುಕು ಕಾಳು ದಾಟಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಹಿತ್ತಲಿಗೆ ಹೋದಾಗ ಮಾವನನ್ನು ಹಿಡಿದು ನಿಲ್ಲಿಸಿದೆ.

"ಯಾವಾಗ್ಲಿಂದ ಮಾವ?"

"ಹೋದ್ ಬ್ಯಾಸಿಗೆಯಿಂದ" ಎಂದರು. "ಕಣ್ಣಿಗೆ ಪೊರೆ ಬಂದೈತಂತೆ. ಡಾಕ್ಟ್ರು ಆಪ್ರೇಷನ್ ಅಂದ್ರು. ಇವ್ಳು ಒಲ್ಲೆ ಅಂತಾಳೆ. ಯಾರಿಗೂ ಹೇಳ್‌ಬ್ಯಾಡ ಅಂತ ನನ್ ಕೈಲಿ ಆಣೆ ಹಾಕಿಸ್ಕಂಡವ್ಳೆ."

ಅತ್ತೆಯ ಎಡಗಣ್ಣು ಅವಳು ಹುಡುಗಿಯಾಗಿದ್ದಾಗಲೇ ಹೋಗಿತ್ತು. ಅದನ್ನು ನಾವು ಯಾರೂ ನೆನಪಿಟ್ಟುಕೊಂಡಿರಲಿಲ್ಲ, ಯಾಕೆಂದರೆ ಅವಳೇ ಇಟ್ಟುಕೊಂಡಿರಲಿಲ್ಲ. ಇದ್ದ ಒಂದು ಕಣ್ಣಿನಲ್ಲಿ ಊರನ್ನೆಲ್ಲ ಆಳಿದವಳು. ಈಗ ಪೊರೆ ಬಂದದ್ದು ಆ ಕಣ್ಣಿಗೆ.

ಮರುದಿನ ಓಬಳೇಶಪ್ಪನೂ ನರಸಮ್ಮನೂ ಬರುವ ಮೊದಲೇ ಅತ್ತೆಯ ಮುಂದೆ ಕೂತೆ. ಎಲೆ ಕಲಸುತ್ತಿದ್ದ ಅವಳ ಕೈ ಹಿಡಿದೆ.

"ಆಪ್ರೇಷನ್ ಮಾಡಿಸ್ಕ ಅತ್ತೆ."

ಮಾವನ ಕಡೆ ಒಂದು ಸಲ ತಿರುಗಿದಳು. ಮಾವ ಅಷ್ಟರಲ್ಲಿ ದನದ ಕೊಟ್ಟಿಗೆ ಸೇರಿದ್ದರು.

"ಒಂದೇ ಕಣ್ಣು ಕಣೋ" ಎಂದಳು. ಆ ದನಿ ನನಗೆ ಹೊಸದು. "ಎಡವಟ್ಟಾದ್ರೆ ಮತ್ತೆ ಕೂರಾಕಾಗಲ್ಲ. ಈಗ ಮಬ್ಬುಮಬ್ಬಾಗಾದ್ರೂ ಐತೆ. ಬಾಗ್ಲು ಕಾಣ್ತೈತೆ, ಒಲೆ ಕಾಣ್ತೈತೆ. ಇಷ್ಟು ಸಾಕು ಬಿಡು ನಂಗೆ."

"ಡ್ರಾಪ್ ಮಾಡ್ತೀಯಾ?"

"ಹ್ಞೂಂ. ಮಾಡ್ತೀನಿ. ನೀನು ಹೇಳ್‌ಬ್ಯಾಡ ನಂಗೆ ಆಡು ಅಂತ. ಜೋಕರ್ ಬಂದ್ರೂ ಎಲೆ ಮುಚ್ಚೋನು!"

ಸರಿಯಾದ ಮಾತೇ. ಆದರೆ ಡ್ರಾಪಿನ ವಿಷಯದಲ್ಲಿ ಆ ಮನೆಯಲ್ಲಿ ನನಗಿಂತ ತಿಳಿದವರು ಯಾರಿದ್ದರು?

"ಅದಕ್ಕೇ ಹೇಳ್ತೀನಿ ಕೇಳು. ಡ್ರಾಪ್ ಮಾಡ್ಕಂತ ಕುಂತ್ರೂ ಔಟಾಗ್ತೀವಿ ಅತ್ತೆ. ಇಪ್ಪತ್ತಿಪ್ಪತ್ತೇ ಏರ್ಕಂತ ಹೋಗ್ತೈತೆ, ಅಷ್ಟೇ. ವರ್ಷಾ ವರ್ಷಾ ನಾನು ಹಂಗೇ ಅಲ್ವಾ ಔಟಾಗೋದು? ಇವತ್ತು ಬಾಗ್ಲು ಕಾಣ್ತೈತೆ. ಮುಂದಿನ್ ಬ್ಯಾಸಿಗೆಗೆ ಅದೂ ಕಾಣಲ್ಲ."

ಅತ್ತೆ ಎಲೆಯ ಕಟ್ಟನ್ನು ನೆಲಕ್ಕಿಟ್ಟಳು. "ಜೊತೆಗೆ ನೀನಿರ್ತೀಯಾ?" ಎಂದಳು.

ಇರದೆ ಎಲ್ಲಿ ಹೋಗಲಿ? ಚಳ್ಳಕೆರೆಯ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅವಳು ಒಂದು ಮಾತೂ ಆಡಲಿಲ್ಲ, ಕಂಡಕ್ಟರನೇ ಎರಡು ಸಲ ಬಂದು, "ಯಾಕಜ್ಜೀ, ಆರಾಮಿಲ್ವಾ?" ಎಂದು ಕೇಳಿಕೊಂಡು ಹೋದ. ಅವಳ ಬೆರಳು ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದವೆಂದರೆ ಬಳೆ ತೊಟ್ಟ ಹಾಗೆ ಗುರುತು ಬಿದ್ದಿತ್ತು. ಆಪರೇಷನ್ ಕೋಣೆಯ ಬಾಗಿಲಲ್ಲಿ ಮಾತ್ರ ಒಂದಿಷ್ಟು ಜೀವ ಬಂತು.

"ಡಾಕ್ಟ್ರೇ, ನೀವು ಆಡಾಕೆ ಹೊಸಬರೋ, ಹಳಬರೋ?"

ಡಾಕ್ಟರಿಗೆ ಅರ್ಥವಾಗಲಿಲ್ಲ. "ಹಳಬ ಅಮ್ಮ, ಹೆದರ್ಬೇಡಿ" ಎಂದರು, ಅಂದಾಜಿನ ಮೇಲೆ.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಮಾವ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದರು. ಅತ್ತೆ ರೆಪ್ಪೆ ಬಡಿದಳು, ನೀರು ಸುರಿಯಿತು, ಮತ್ತೆ ಬಡಿದಳು. ಸುತ್ತಲೂ ನೋಡಿದಳು.

"ಇವ್ರ್ ಅಂಗಿ ಗುಂಡಿ ಮೇಲೊಂದು ಕೆಳಗೊಂದು ಆಗೈತಲ್ಲ! ಹಿಂಗೇ ಊರೆಲ್ಲ ತಿರುಗ್ಯಾರಾ?"

ಮಾವ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ನರ್ಸು ನಕ್ಕಳು, ನಾನೂ ನಕ್ಕೆ. ಆಗ ಅತ್ತೆ ನನ್ನ ಕಡೆ ತಿರುಗಿದಳು. ತಿರುಗಿದವಳು ಹಾಗೇ ನೋಡುತ್ತ ಉಳಿದಳು.

"ಲೇ, ಇತ್ಲಾಗೆ ಬಾರೋ."

ಹೋದೆ. ಎರಡೂ ಕೈಯಲ್ಲಿ ನನ್ನ ಮುಖ ಹಿಡಿದು ಬೆಳಕಿಗೆ ತಿರುಗಿಸಿದಳು. ಹೆಬ್ಬೆರಳಿನಿಂದ ನನ್ನ ಕಣ್ಣ ಕೆಳಗೆ ಸವರಿದಳು.

"ಯಾವಾಗಿಂದ ಹಿಂಗೆ ದಣ್ದೀಯ? ಕೂದ್ಲೆಲ್ಲ ಯಾವಾಗ ಬೆಳ್ಳಗಾತು? ಬಾ ಅಂದಾಗೆಲ್ಲ ಬಂದ್ಯಲ್ಲೋ, ಒಂದ್ ಮಾತಾದ್ರೂ ಹೇಳ್ಬಾರ್ದಾ ನಂಗೆ?"

ಅತ್ತೆ ಮಂಚದಿಂದ ಕಾಲು ಕೆಳಗಿಟ್ಟು, ಪಕ್ಕದ ಸ್ಟೂಲಿಗೆ ಸರಿದು ಕೂತಳು. ದಿಂಬನ್ನು ತಟ್ಟಿ ಸರಿಮಾಡಿದಳು.

"ಮಲಿಕ್ಕ. ಒಂಚೂರು ಮಲಿಕ್ಕ ನನ್ನಪ್ಪ."

ರೋಗಿಯ ಮಂಚದಲ್ಲಿ ನಾನು ಮಲಗುವುದೇ? ನಗು ಬಂತು, ಬೇಡವೆಂದೆ. ಆದರೆ ಅವಳ ಅಂಗೈ ಹಣೆಯ ಮೇಲೆ ಬಿದ್ದಿತ್ತು, ಶೇಂಗಾ ಸಿಪ್ಪೆಯ ಹಾಗೆ ಒರಟು ಅಂಗೈ. ಮಲಗಿಬಿಟ್ಟೆ. ನಿದ್ದೆ ಬರುವ ಮುಂಚೆ ಕಿವಿಗೆ ಬಿದ್ದದ್ದು, ಔಷಧಿ ತಂದ ನರ್ಸಿಗೆ ಅತ್ತೆ ಪಿಸುಗುಟ್ಟುತ್ತಿದ್ದ ಮಾತು:

"ಮೆಲ್ಲಗೆ ನಡಿಯವ್ವಾ. ನಮ್ ಹುಡುಗ ಮಲಗೈತೆ."