ಅತ್ತೆ ಬೇಯಿಸಿದ ರಸ್ತೆ

ಶಿರಸಿಯಲ್ಲಿರುವ ನಮ್ಮ ಸೋದರತ್ತೆಯ ಅಡುಗೆಮನೆಯಲ್ಲಿ ರಸ್ತೆ ಬೇಯುತ್ತದೆ ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು. ಅದರ ಹೊಗೆ ಕುಡಿದವನು ನಾನು!

ಅತ್ತೆ ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಪಾಠ ಹೇಳಿ ನಿವೃತ್ತಳಾದವಳು. ಡಾಂಬರಿಗೆ ಕಬ್ಬಿಣದ ಎಳೆ ಬೆರೆಸಿ ರಸ್ತೆ ಮಾಡಿದರೆ, ಬಿರುಕು ಬಿಟ್ಟಾಗ ಮೈಕ್ರೋವೇವ್ ಹಾಯಿಸಿ ಬಿಸಿ ಮಾಡಬಹುದು, ಆಗ ಡಾಂಬರು ಕರಗಿ ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ ಎಂದು ಎಲ್ಲೋ ಓದಿದಳು. ಓದಿ ಸುಮ್ಮನಿರುವ ಹೆಂಗಸೇ ಅವಳು? ಮರುದಿನವೇ ನನ್ನನ್ನು ಸಿದ್ದಾಪುರಕ್ಕೆ ಎಳೆದುಕೊಂಡು ಹೋಗಿ, ಅಲ್ಲಿ ರಸ್ತೆ ಹಾಕುತ್ತಿದ್ದವರ ಹತ್ತಿರ ಡಾಂಬರು ಕಲಸಿದ ಜಲ್ಲಿಯನ್ನು ಡಬ್ಬಿ ತುಂಬ ಬೇಡಿ ತಂದಳು. ಬಸ್ಸಿನಲ್ಲಿ ಕಂಡಕ್ಟರ್ ಡಬ್ಬಿಯಲ್ಲಿ ಏನೆಂದು ಕೇಳಿದ. ರಸ್ತೆ ಎಂದಳು. ಅವನು ಅವಳನ್ನೊಮ್ಮೆ ನೋಡಿ, ನನ್ನ ಭುಜ ತಟ್ಟಿ ಮುಂದೆ ಹೋದ.

ಪಾತ್ರೆ ತಿಕ್ಕುವ ಕಬ್ಬಿಣದ ನಾರನ್ನು ಸಣ್ಣಗೆ ಕತ್ತರಿಸಿ ಅದಕ್ಕೆ ಬೆರೆಸಿದಳು. ಬಿಸಿ ಮಾಡಿ, ಅಚ್ಚಿನಲ್ಲಿ ಬಡಿದು ಇಟ್ಟಿಗೆ ಮಾಡಿದಳು. ಅದನ್ನು ಎರಡು ತುಂಡು ಮಾಡಿ, ಮತ್ತೆ ಜೋಡಿಸಿ ಮೈಕ್ರೋವೇವ್ ಓವನ್ನಿನೊಳಗೆ ಇಟ್ಟಳು. ಒಳಗೆ ಲೋಹ ಇಡಬಾರದೆಂದು ಓವನ್ನಿನ ಮೇಲೇ ಬರೆದಿದೆಯಲ್ಲ ಎಂದೆ. ಅದು ಅಡುಗೆ ಮಾಡುವವರಿಗೆ ಎಂದಳು! ಮೊದಲ ಸಲ ಕಿಡಿ ಹಾರಿತು. ಎರಡನೆಯ ಸಲ, ಯಾರೋ ಟೈರು ಸುಡುತ್ತಿದ್ದಾರೆಂದು ನೆರೆಮನೆಯವರು ಓಡಿ ಬಂದರು. ಮಾವ ಮಾತ್ರ ಕೋಲೂರಿಕೊಂಡು ಬಂದು, ಉಪ್ಪು ಹಾಕಿದೆಯಾ ಎಂದು ವಿಚಾರಿಸಿ ಹೋಗುತ್ತಿದ್ದ.

ಏಳನೆಯ ಇಟ್ಟಿಗೆಯೂ ಹಾಳಾದ ಮಧ್ಯಾಹ್ನ, ಇನ್ನು ಸಾಕು ಮಾಡು ಅತ್ತೆ, ರಸ್ತೆ ನೋಡಿಕೊಳ್ಳುವವರು ಬೇರೆ ಇದ್ದಾರೆ ಎಂದು ನಾನು ನಕ್ಕೆ. ಅವಳು ತನ್ನ ಕಪ್ಪಾದ ಕೈಗಳನ್ನೇ ನೋಡುತ್ತ ಕೂತಳು.

"ಆವತ್ತು ಸ್ಕೂಟರ್ ಹೊಡಿತಾ ಇದ್ದಿದ್ದು ಆನೇ ಅಲ್ದನಾ, ತಮಾ" ಎಂದಳು.

ನನ್ನ ನಗು ಅಲ್ಲೇ ನಿಂತಿತು. ಎರಡು ವರ್ಷದ ಹಿಂದೆ ಯಲ್ಲಾಪುರ ರಸ್ತೆಯಲ್ಲಿ ಉದ್ದನೆಯ ಬಿರುಕಿಗೆ ಚಕ್ರ ಸಿಕ್ಕಿ, ಅವಳೇ ಓಡಿಸುತ್ತಿದ್ದ ಸ್ಕೂಟರ್ ಉರುಳಿತ್ತು. ಅವಳಿಗೆ ಮೊಣಕೈ ತರಚಿತ್ತು, ಅಷ್ಟೇ. ಹಿಂದೆ ಕೂತಿದ್ದ ಮಾವನ ಸೊಂಟದ ಮೂಳೆ ಮುರಿದಿತ್ತು. ಅಂದಿನಿಂದ ಅತ್ತೆ ಸ್ಕೂಟರ್ ಮುಟ್ಟಿರಲಿಲ್ಲ. ಮಾವ ಆ ವಿಷಯವನ್ನು ಒಮ್ಮೆಯೂ ಎತ್ತಿ ಆಡಿರಲಿಲ್ಲ. ಬಹುಶಃ ಅವಳಿಗೆ ಅದೇ ಹೆಚ್ಚು ಭಾರವಾಗಿತ್ತು.

ಹನ್ನೊಂದನೆಯ ಇಟ್ಟಿಗೆ ಕೂಡಿಕೊಂಡಿತು. ತುಂಡಾದ ಜಾಗದಲ್ಲಿ ಕೂದಲೆಳೆಯಷ್ಟು ಗೆರೆ ಉಳಿದಿತ್ತು. ಅದು ಆರಿದ ಮೇಲೆ ಅತ್ತೆ ಮುಖ ನೋಡದೆ ಮಾವನ ಕೈಗೆ ಕೊಟ್ಟಳು. ಅವನು ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ ಮುರಿಯಲು ನೋಡಿದ. ಆಗಲಿಲ್ಲ.

"ಗಟ್ಟಿ ಇದ್ದು" ಎಂದ. ಇಟ್ಟಿಗೆ ಕೆಳಗಿಟ್ಟು, "ಸ್ಕೂಟರ್ ತೆಗಿ. ಭೈರುಂಬೆಗೆ ತಂಗಿ ಮನೆಗೆ ಹೋಗಿ ಬಪ್ಪನ" ಎಂದ.

ಅಲ್ಲಿಗೂ ಯಲ್ಲಾಪುರ ರಸ್ತೆಯಲ್ಲೇ ಹೋಗಬೇಕು, ಆ ಬಿರುಕು ಇನ್ನೂ ಹಾಗೇ ಇದೆ, ಅದನ್ನು ಯಾರೂ ಮುಚ್ಚಿಲ್ಲ ಎಂದು ಅತ್ತೆ ತಡವರಿಸಿದಳು.

"ಇರ್ಲಿ. ನೀನೇ ಹೊಡಿ."

ನಾನು ಬೈಕಿನಲ್ಲಿ ಹಿಂದೆ ಹೋದೆ. ಸೈಕಲ್ಲಿನವರೂ ಅವರನ್ನು ದಾಟಿಕೊಂಡು ಹೋದರು. ಆ ಜಾಗ ಬಂದಾಗ ಸ್ಕೂಟರ್ ನಿಂತೇಬಿಟ್ಟಿತು. ಮಾವ ಹಿಂದಿನಿಂದ ಅವಳ ಎರಡೂ ಭುಜ ಹಿಡಿದುಕೊಂಡು ಕೂತ. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ನಿಧಾನವಾಗಿ ಬಿರುಕು ದಾಟಿಸಿದಳು.